ಕಡಲೆಬೇಳೆಯಷ್ಟು ಸೆನ್ಸರ್, ಒಂದು ಕೆರೆ, ಒಂದು ವರ್ಷ: ನಿಕಾನ್ ಪಿ950 ರಿವ್ಯೂ

ಯೂಟ್ಯೂಬಿನಲ್ಲಿ ಈ ಕ್ಯಾಮೆರಾದ ರಿವ್ಯೂ ಹುಡುಕಿದರೆ ಎಲ್ಲರೂ ಚಂದ್ರನನ್ನೇ ತೋರಿಸುತ್ತಾರೆ. ಜೂಮ್ ಹೋಗ್ತಾ ಹೋಗ್ತಾ ಇರುತ್ತೆ, ಚಂದ್ರನ ಮೇಲಿನ ಗುಂಡಿಗಳು ಕಾಣುತ್ತವೆ, ಹಿಂದೆ ಒಂದು ಮ್ಯೂಸಿಕ್ಕು. ಚಂದ್ರ ಅಲ್ಲಾಡಲ್ಲ ಸ್ವಾಮಿ. ಕೊಂಬೆ ಹಿಂದೆ ಅವಿತುಕೊಳ್ಳಲ್ಲ, ಫೋಕಸ್ ಆಗೋ ಹೊತ್ತಿಗೆ ಪುರ್ರಂತ ಹಾರಿಹೋಗಲ್ಲ. ಹಕ್ಕಿ, ಹುಳ ತೆಗೆಯೋಕೆ ಇದು ಹೇಗಿದೆ ಅನ್ನೋದು ನನಗೆ ಬೇಕಿತ್ತು, ಅದನ್ನು ಸರಿಯಾಗಿ ಹೇಳಿದವರು ಸಿಗಲಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಅಕ್ಟೋಬರಿನಿಂದ ಅಕ್ಟೋಬರಿಗೆ ಪೂರ್ತಿ ಒಂದು ಸುತ್ತು ಮುಗಿದಿದೆ.

ನಾನು ಫೋಟೋಗ್ರಾಫರ್ ಏನಲ್ಲ. ಮೈಸೂರಿನಲ್ಲಿ ಆಫೀಸ್ ಕೆಲಸ. ಡಾಕ್ಟರು "ಶುಗರ್ ಬಾರ್ಡರಿನಲ್ಲಿದೆ, ನಡೀರಿ" ಅಂದಿದ್ದಕ್ಕೆ ಲಿಂಗಾಂಬುಧಿ ಕೆರೆ ಸುತ್ತ ಬೆಳಗಿನ ನಡಿಗೆ ಶುರುವಾಯಿತು. ಅಲ್ಲಿ ಬೈನಾಕ್ಯುಲರ್ ಹಿಡಿದು ನಿಂತಿದ್ದ ಒಬ್ಬರು ಹಿರಿಯರನ್ನು ಏನ್ ಸಾರ್ ನೋಡ್ತಿದ್ದೀರಾ ಅಂತ ಸುಮ್ನೆ ಕೇಳಿದೆ. ಅಲ್ಲಿಗೆ ಕೆಟ್ಟೆ. ಮೂರು ತಿಂಗಳಲ್ಲಿ ಕ್ಯಾಮೆರಾ ಬಂತು, 38 ಸಾವಿರಕ್ಕೆ, ಸೆಕೆಂಡ್ ಹ್ಯಾಂಡ್. ಮನೆಯವಳಿಗೆ ಹೇಳಿದ ರೇಟು ಬೇರೆ, ಅದು ಬಿಡಿ.

ಇದು ಎಂಥ ಕ್ಯಾಮೆರಾ ಅಂತ ಎರಡು ಮಾತು. 2020ರಲ್ಲಿ ಬಂದಿದ್ದು. ಲೆನ್ಸ್ ಬಿಚ್ಚೋಕೆ ಬರಲ್ಲ, ಮೈಗೇ ಅಂಟಿದೆ. ಅಗಲದ ಕಡೆ 24 ಎಂಎಂ, ಎಳೆದರೆ 2000 ಎಂಎಂ, ಅಂದರೆ 83 ಪಟ್ಟು ಜೂಮ್. 16 ಮೆಗಾಪಿಕ್ಸೆಲ್, ತೂಕ ಒಂದು ಕೆಜಿ. ಈ 2000 ಅನ್ನೋದು ಫುಲ್ ಫ್ರೇಮ್ ಕ್ಯಾಮೆರಾದ ಲೆಕ್ಕದಲ್ಲಿ ಹೇಳುವ ಸಂಖ್ಯೆ. ಇಷ್ಟು ಉದ್ದದ ಜೂಮು ಇಷ್ಟು ಚಿಕ್ಕ ಮೈಯಲ್ಲಿ ಹಿಡಿಸಿದ್ದು ಹೇಗೆ ಅಂದರೆ ಒಳಗೆ ಬೆಳಕು ಹಿಡಿದು ಚಿತ್ರ ಮಾಡೋ ಸೆನ್ಸರ್ ತೀರಾ ಪುಟ್ಟದು. ಮದುವೆ ಫೋಟೋಗ್ರಾಫರ ಕೈಯಲ್ಲಿರೋ ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ ಇದ್ದರೆ, ಇದರದ್ದು ಹೆಚ್ಚೂಕಮ್ಮಿ ಒಂದು ಕಡಲೆಬೇಳೆಯಷ್ಟು. ಈ ಕ್ಯಾಮೆರಾದ ಒಳ್ಳೇದು ಕೆಟ್ಟದು ಎರಡೂ ಆ ಕಡಲೆಬೇಳೆಯಿಂದಲೇ ಬರುತ್ತೆ. ದೊಡ್ಡ ಕ್ಯಾಮೆರಾದಲ್ಲಿ ಒಂದು ಒಳ್ಳೆ 600 ಎಂಎಂ ಎಫ್4 ಲೆನ್ಸ್ (ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬೆಳಕು ಜಾಸ್ತಿ) ಅಂದರೆ ಅದೊಂದೇ ಮೂರು ಕೆಜಿ, ಬೆಲೆ ಕೇಳಿದರೆ ಸೈಟಿಗೆ ಅಡ್ವಾನ್ಸ್ ಕೊಡಬಹುದು. ಅದನ್ನು ಹೊತ್ತುಕೊಂಡು ನಾನು ಶುಗರ್ ಇಳಿಸೋ ನಡಿಗೆ ಮಾಡೋಕಾಗುತ್ತಾ?

ಮೊದಲ ಮೂರು ವಾರ ನನಗೆ ಕ್ಯಾಮೆರಾ ಮೇಲೆ ಸಿಟ್ಟೋ ಸಿಟ್ಟು. ಪೂರ್ತಿ ಜೂಮ್ ಮಾಡಿದರೆ ಎಲ್ಲ ಮಸುಕು, ಹಕ್ಕಿಗೆ ಯಾರೋ ಮೊಸರು ಬಳಿದಂಗೆ. ಮೋಸ ಹೋದೆ ಅಂದುಕೊಂಡೆ. ಆಮೇಲೆ ಕೆರೆ ಹತ್ತಿರ ಸಿಕ್ಕಿದ ಒಬ್ಬ ಕಾಲೇಜ್ ಹುಡುಗ ಲೆನ್ಸ್ ಮುಂದೆ ಬೆರಳಿಟ್ಟು, "ಅಂಕಲ್, ಇದೇನು?" ಅಂದ. ಮಾರಿದ ಅಂಗಡಿಯವನು ಫ್ರೀ ಅಂತ ಹಾಕಿಕೊಟ್ಟಿದ್ದ ಯುವಿ ಫಿಲ್ಟರ್. ತಿರುಗಿಸಿ ಬಿಚ್ಚಿದೆವು. ಎದುರಿನ ಕರೆಂಟ್ ತಂತಿ ಮೇಲೆ ಕೂತಿದ್ದ ಕಾಜಾಣದ ಕಣ್ಣು ಕೆಂಪಗೆ ಕಂಡಿತು. ಅಷ್ಟೇ ವಿಷಯ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನು ಮೊದಲು ನೋಡಿ. ಅಗ್ಗದ ಗಾಜು 24 ಎಂಎಂನಲ್ಲಿ ಏನೂ ತೊಂದರೆ ಕೊಡಲ್ಲ, 2000ಕ್ಕೆ ಹೋದಾಗ ಅದರ ಬಣ್ಣ ಬಯಲಾಗುತ್ತೆ.

ಚಳಿಗಾಲದಿಂದ ಶುರು ಮಾಡುತ್ತೇನೆ, ಯಾಕೆಂದರೆ ಈ ಕ್ಯಾಮೆರಾ ತಗೊಳ್ಳೋಕೆ ಒಳ್ಳೆ ಹೊತ್ತು ಅದು. ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತೆ, ಗಾಳಿ ತಣ್ಣಗೆ ನಿಂತಿರುತ್ತೆ, ಹೊರಗಿನ ಹಕ್ಕಿಗಳು ಬಂದಿರುತ್ತವೆ. ಜನವರಿಯಲ್ಲಿ ನಾವು ನಾಲ್ಕು ಜನ ಒಂದು ಕಾರು ಮಾಡಿಕೊಂಡು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋದೆವು, ಪಟ್ಟೆತಲೆ ಹೆಬ್ಬಾತು ನೋಡೋಕೆ. ಹಿಮಾಲಯ ದಾಟಿ ಬರುವ ಹಕ್ಕಿ ಅದು. 83 ಪಟ್ಟು ಜೂಮ್ ಇದೆ ಅಂತ ನನಗೆ ಬೇರೆ ಜಂಬ. ತಿಂಡಿ ಮುಗಿಸಿ, ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ, ತಲುಪಿದಾಗ ಹನ್ನೊಂದು ಗಂಟೆ. ಬಾತುಗಳು ಆಚೆ ದಡದಲ್ಲಿ. ಜೂಮ್ ಮಾಡಿದೆ, ಫ್ರೇಮಿನ ತುಂಬ ಬಂದವು, ತಲೆ ಮೇಲಿನ ಎರಡು ಕಪ್ಪು ಪಟ್ಟೆ ಕೂಡ ಕಂಡಿತು, ಆದರೆ ಎಲ್ಲ ನೀರಿನೊಳಗೆ ಮುಳುಗಿದಂಗೆ ನಡುಗುತ್ತಿದ್ದವು. ಇನ್ನೂರು ಫೋಟೋ ಹೊಡೆದೆ. ಮನೆಗೆ ಬಂದು ನೋಡಿದರೆ ಇನ್ನೂರೂ ವಾಟರ್ ಕಲರ್ ಪೇಂಟಿಂಗು.

ಅದು ಕ್ಯಾಮೆರಾದ ತಪ್ಪಲ್ಲ. ನೆಲ ಕಾದ ಮೇಲೆ ಬಿಸಿ ಗಾಳಿ ಏಳುತ್ತಲ್ಲ, ಬಿಸಿಲುಗುದುರೆ ಅಂತೀವಲ್ಲ, ಅದು. ಮೂರು ನಾಲ್ಕು ನೂರು ಮೀಟರ್ ಗಾಳಿಯ ಮೂಲಕ ನೋಡಿದರೆ ಎಂಥ ಲೆನ್ಸಿಗೂ ಅಷ್ಟೇ ಗತಿ, ಜೂಮ್ ಹಕ್ಕಿಯನ್ನು ದೊಡ್ಡದು ಮಾಡುವಾಗ ಆ ನಡುಕವನ್ನೂ ದೊಡ್ಡದು ಮಾಡುತ್ತೆ. ಮಾರನೇ ದಿನ ಬೆಳಗ್ಗೆ ಏಳಕ್ಕೆ ನಮ್ಮ ಕೆರೆ ದಾರಿಯಲ್ಲಿ ಒಂದು ಸಿಪಿಲೆ ಬಾಲ ಕುಣಿಸಿಕೊಂಡು ಓಡಾಡುತ್ತಿತ್ತು, ನನ್ನಿಂದ ಹತ್ತು ಹೆಜ್ಜೆ ದೂರ. ನೆಲಕ್ಕೆ ಕೂತು ಒಂದೇ ಒಂದು ಫೋಟೋ ತೆಗೆದೆ. ಕೊಕ್ಕಿನ ತುದಿಯಲ್ಲಿ ಸಿಕ್ಕಿದ್ದ ನೊಣದ ರೆಕ್ಕೆಯ ನರ ಎಣಿಸಬಹುದಿತ್ತು. ಆವತ್ತು ನನಗೆ ಈ ಕ್ಯಾಮೆರಾ ಅರ್ಥ ಆಯಿತು ಅನ್ನಬೇಕು. ಇಷ್ಟು ಜೂಮ್ ಇರೋದು ದೂರದ ದೊಡ್ಡ ಹಕ್ಕಿಗಲ್ಲ, ಹತ್ತಿರದ ಪುಟ್ಟ ಹಕ್ಕಿಗೆ. ಅಂಗೈಯಲ್ಲಿ ಹಿಡಿಸುವ ಹಕ್ಕಿ, ಆರೇಳು ಮೀಟರ್ ದೂರ, ಬೆಳಗಿನ ಬಿಸಿಲು ನಿಮ್ಮ ಬೆನ್ನಿಗೆ: ಇಷ್ಟು ಕೂಡಿಬಂದರೆ ಇದು ಲಕ್ಷಗಟ್ಟಲೆ ಸಾಮಾನಿನ ಪಕ್ಕ ನಾಚದೆ ನಿಲ್ಲುತ್ತೆ.

ಹಾಗಂತ ತೀರಾ ಹತ್ತಿರಾನೂ ಬೇಡ. ಪೂರ್ತಿ ಜೂಮಿನಲ್ಲಿ ಐದು ಮೀಟರಿಗಿಂತ ಹತ್ತಿರ ಇದ್ದರೆ ಫೋಕಸ್ ಕೂರಲ್ಲ. ಮಡಿವಾಳ ಹಕ್ಕಿ ಗೇಟಿನ ಮೇಲೆ ಬಂದು ಕೂತಾಗ ನಾನು ಹಿಂದೆ ಹಿಂದೆ ನಡೆದು ಚರಂಡಿಗೆ ಒಂದು ಕಾಲು ಇಳಿಸಿದ್ದು ನಮ್ಮ ರಸ್ತೆಯವರೆಲ್ಲ ನೋಡಿದ್ದಾರೆ.

ಫೆಬ್ರವರಿಯಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ, ಮದ್ದೂರು ತಾಲ್ಲೂಕು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಜಗಲಿಯಲ್ಲಿ ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು, ಮೇಲೆ ಹೆಜ್ಜಾರ್ಲೆ ಮರಿ ತಾಯಿಯ ಗಂಟಲೊಳಗೆ ತಲೆ ತೂರಿಸಿ ಮೀನು ಎಳೆಯುತ್ತಿತ್ತು. ಇಲ್ಲಿ ಜೂಮೇ ಬೇಕಾಗಿಲ್ಲ, 400 ಎಂಎಂ ಸಾಕು. ಸುಮ್ನೆ ಕುತೂಹಲಕ್ಕೆ 2000ಕ್ಕೆ ಎಳೆದರೆ ಬರೀ ಕೊಕ್ಕು, ಅದರ ಮೇಲಿನ ನೀಲಿ ಚುಕ್ಕೆ. ಈ ಕ್ಯಾಮೆರಾದಲ್ಲಿ ಲೆನ್ಸ್ ಪಕ್ಕ ಒಂದು ಬಟನ್ ಇದೆ, ಒತ್ತಿ ಹಿಡಿದರೆ ಜೂಮ್ ತಾನೇ ಹಿಂದಕ್ಕೆ ಬರುತ್ತೆ, ಬಿಟ್ಟರೆ ಮತ್ತೆ ಇದ್ದಲ್ಲಿಗೇ ಹೋಗುತ್ತೆ. ಹಕ್ಕಿ ಫ್ರೇಮಿನಿಂದ ತಪ್ಪಿಸಿಕೊಂಡಾಗ ಮತ್ತೆ ಹುಡುಕೋಕೆ. ದಿನಕ್ಕೆ ನೂರು ಸಲ ಒತ್ತುತ್ತೇನೆ. ಇದನ್ನು ಯೋಚಿಸಿದ ಪುಣ್ಯಾತ್ಮ ಹಕ್ಕಿ ಫೋಟೋ ತೆಗೆಯುವವನೇ ಇರಬೇಕು.

ಬೇಸಿಗೆಗೆ ಬಂದರೆ ಟೈಮ್ ಕಮ್ಮಿ. ಏಪ್ರಿಲಿನಲ್ಲಿ ಎಂಟೂವರೆ ಆದರೆ ಮುಗೀತು, ಕೆರೆ ಮೇಲೆ ಬಿಸಿಲುಗುದುರೆ. ಆದರೆ ಆರರಿಂದ ಎಂಟರ ಆ ಎರಡು ಗಂಟೆ ಹಬ್ಬ. ಮುತ್ತುಗದ ಹೂವಿನಲ್ಲಿ ಸೂರಕ್ಕಿ, ಒಣ ಕೊಂಬೆ ಮೇಲೆ ಕಳ್ಳಿಪೀರ. ಕಳ್ಳಿಪೀರ ಹೊಸಬರಿಗೆ ಒಳ್ಳೆ ಗುರು. ಹಾರಿ ಜೇನುನೊಣ ಹಿಡಿದು ಮತ್ತೆ ಅದೇ ಕೊಂಬೆಗೆ ಬರುತ್ತೆ, ಹಾಗಾಗಿ ಫೋಕಸ್ ಮೊದಲೇ ಮಾಡಿಟ್ಟುಕೊಂಡು ಕಾಯಬಹುದು. ಬಂದ ಮೇಲೆ ನೊಣವನ್ನು ಕೊಂಬೆಗೆ ಟಪಟಪ ಬಡಿದು, ಉಜ್ಜಿ, ಕೊಂಡಿ ತೆಗೆದು ನುಂಗುತ್ತೆ. ಅದನ್ನು ಹಿಡಿಯೋಕೆ ಬರ್ಸ್ಟ್ ಹಾಕಿದರೆ ಸೆಕೆಂಡಿಗೆ 7 ಫೋಟೋ, ಒಟ್ಟು 10ಕ್ಕೆ ನಿಲ್ಲುತ್ತೆ. ಆಮೇಲೆ ಕಾರ್ಡಿಗೆ ಬರೆದುಕೊಳ್ಳೋವರೆಗೂ ಕಾಯಬೇಕು. ಕಳ್ಳಿಪೀರ ಕಾಯಲ್ಲ. ಹಾಗಾಗಿ ಬಡಿಯೋಕೆ ಶುರು ಮಾಡಿದ ತಕ್ಷಣ ಒತ್ತಬೇಡಿ, ಎರಡನೇ ಏಟಿಗೆ ಒತ್ತಿ.

ಹಾರುವ ಹಕ್ಕಿ ಬೇಕು ಅನ್ನುವವರು ಇಲ್ಲೇ ಓದೋದು ನಿಲ್ಲಿಸಿ ಬೇರೆ ಕ್ಯಾಮೆರಾ ನೋಡಿ. ಈ ಜಾತಿಯ ದೊಡ್ಡ ಜೂಮ್, ಸಣ್ಣ ಸೆನ್ಸರ್ ಕ್ಯಾಮೆರಾಗಳು ಕೂತ ಹಕ್ಕಿಗೆ ಮಾಡಿದ್ದು. ಗರುಡ ನಿಧಾನವಾಗಿ ಸುತ್ತು ಹಾಕುತ್ತಿದ್ದರೆ ಸಿಗುತ್ತೆ. ಕವಲುತೋಕೆ? ಕನಸು.

ಮೇ ತಿಂಗಳ ಮೊದಲ ಮಳೆ ಬಿದ್ದ ಮಾರನೇ ಬೆಳಗ್ಗೆ ರಜೆ ಹಾಕಿ ಹೋಗಿ. ಗೆದ್ದಲಿಗೆ ರೆಕ್ಕೆ ಬಂದು ಮಳೆಹುಳ ಏಳುತ್ತವೆ, ಕಾಜಾಣ, ಗೊರವಂಕ, ಕಾಗೆ, ಹದ್ದು ಎಲ್ಲಕ್ಕೂ ಊಟ. ಜೂನ್ ಹೊತ್ತಿಗೆ ಚಾತಕ ಬರುತ್ತೆ, ತಲೆ ಮೇಲೆ ಜುಟ್ಟು, ಕಪ್ಪು ಬಿಳುಪು, ಕೂಗೋದು ಕೇಳಿಸಿದರೆ ಸಾಮಾನ್ಯವಾಗಿ ಪೊದೆ ತುದಿಯಲ್ಲೇ ಕೂತಿರುತ್ತೆ. ಇಲ್ಲಿಂದ ಕಡಲೆಬೇಳೆಯ ಕಷ್ಟ ಶುರು. ಮೋಡ ಕವಿದರೆ ಬೆಳಕು ಕಮ್ಮಿ, ಪೂರ್ತಿ ಜೂಮಿನಲ್ಲಿ ಲೆನ್ಸ್ ಎಫ್6.5ಕ್ಕಿಂತ ಜಾಸ್ತಿ ತೆರೆಯಲ್ಲ, ಆಗ ಐಎಸ್‌ಒ, ಅಂದರೆ ಸೆನ್ಸರ್ ಬೆಳಕಿಗೆ ಸ್ಪಂದಿಸೋ ಮಟ್ಟ, ಏರಿಸಬೇಕು. 400ರವರೆಗೆ ಚೆನ್ನ. 800 ನಡೆಯುತ್ತೆ. 1600ಕ್ಕೆ ಗರಿಗಳೆಲ್ಲ ಕಲಸಿದ ಅನ್ನ. ನಾನು 800ಕ್ಕೆ ಮಿತಿ ಹಾಕಿಟ್ಟಿದ್ದೇನೆ, ಕೂತ ಹಕ್ಕಿಗೆ ಶಟರ್ 1/250 ಸೆಕೆಂಡ್, ಕೈ ನಡುಕ ತಡೆಯೋ ವ್ಯವಸ್ಥೆ ಚೆನ್ನಾಗಿರೋದರಿಂದ ಉಸಿರು ಹಿಡಿದು 1/125ಕ್ಕೂ ಇಳಿಯುತ್ತೇನೆ. ಇದರ ಹಿಂದಿನ ಮಾಡೆಲ್ ಪಿ900ರಲ್ಲಿ ಇಲ್ಲದ ರಾ ಫಾರ್ಮ್ಯಾಟ್, ಅಂದರೆ ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಫೈಲ್, ಇದರಲ್ಲಿ ಇದೆ. ಮಳೆಗಾಲದಲ್ಲಿ ರಾದಲ್ಲೇ ತೆಗೆಯಿರಿ, ಆಮೇಲೆ ಕಂಪ್ಯೂಟರಿನಲ್ಲಿ ಸ್ವಲ್ಪ ಜೀವ ತುಂಬಬಹುದು.

ಮಳೆಗಾಲದಲ್ಲಿ ಹಕ್ಕಿಗಾಗಿ ಅಂತ ನಾನು ಬಿಟ್ಟೂಬಿಡದೆ ಹೋಗಿದ್ದು ಒಂದಕ್ಕೇ, ಗೀಜುಗ. ಕೆರೆ ಹಿಂದಿನ ಹೊಲದ ಅಂಚಿನಲ್ಲಿ ಈಚಲು ಮರ, ಅದರಲ್ಲಿ ಹದಿನಾಲ್ಕು ಗೂಡು, ಎಲ್ಲ ಅರ್ಧಂಬರ್ಧ. ಗಂಡು ಹುಲ್ಲಿನ ಗರಿಯ ಬುಡದಲ್ಲಿ ಕೊಕ್ಕಿನಿಂದ ಒಂದು ಕಚ್ಚು ಹಾಕುತ್ತೆ, ಅಂಚು ಕಚ್ಚಿಕೊಂಡು ಹಾರುತ್ತೆ, ಹಾರುವ ಜೋರಿಗೆ ಸರ್ರಂತ ಉದ್ದದ ನಾರು ಸೀಳಿಕೊಂಡು ಬರುತ್ತೆ. ಗೂಡು ಹೆಲ್ಮೆಟ್ ತರಹ ಅರ್ಧ ಆದಾಗ ಹೆಣ್ಣು ಬಂದು ಒಳಗೆ ಹೊಕ್ಕು, ಎಳೆದು ನೋಡಿ, ಹಿಡಿಸದಿದ್ದರೆ ಎದ್ದು ಹೋಗುತ್ತೆ. ಗಂಡು ಅಲ್ಲೇ ರೆಕ್ಕೆ ಬಡಿಯುತ್ತಾ ನೇತಾಡುತ್ತಿರುತ್ತೆ ಪಾಪ. ಇದಕ್ಕೆ ಫೋಟೋಗಿಂತ ವಿಡಿಯೋ ಚೆನ್ನಾಗಿ ಬಂತು, 4ಕೆ ಇದೆ. ದೂರದಿಂದ ಜೂಮ್ ಹಾಕೋದರಿಂದ ಅವಕ್ಕೆ ನಮ್ಮ ತೊಂದರೆಯೂ ಇರಲ್ಲ. ಮೊಬೈಲ್ ಹಿಡಿದು ಮರದ ಬುಡಕ್ಕೇ ಹೋಗೋರನ್ನು ನೋಡಿದರೆ ಮೈ ಉರಿಯುತ್ತೆ. ಗೂಡಿನ ಹತ್ತಿರ ಹೋಗಬೇಡ್ರಪ್ಪ.

ಇದಕ್ಕೆ ನೀರು ತಡೆಯುವ ಶಕ್ತಿ ಇಲ್ಲ. ಲಾಡ್ಜಿನಲ್ಲಿ ಕೊಡುವ ಶವರ್ ಕ್ಯಾಪ್ ಒಂದು ಜೇಬಿನಲ್ಲಿರಲಿ, ಅಳತೆ ಮಾಡಿ ಹೊಲಿದಂಗೆ ಕೂರುತ್ತೆ.

ಈಗ ಹುಳದ ವಿಷಯ. ನಿಜ ಹೇಳಬೇಕೆಂದರೆ ಮಳೆಗಾಲದಲ್ಲಿ ಈ ಕ್ಯಾಮೆರಾ ಮೂಲೆ ಸೇರುತ್ತಿತ್ತು, ಉಳಿಸಿದ್ದು ರೇನಾಕ್ಸ್ ಡಿಸಿಆರ್-250 ಅನ್ನೋ ಪುಟ್ಟ ಗಾಜು. ಬಾಟಲಿ ಮುಚ್ಚಳದ ಹಾಗೆ ಲೆನ್ಸಿನ ಬಾಯಿಗೆ ಕ್ಲಿಪ್ ಹಾಕೋದು. ಅದರ ಕ್ಲಿಪ್ 52ರಿಂದ 67 ಮಿ.ಮೀ. ಬಾಯಿಗೆ ಹಿಡಿಯುತ್ತೆ, ಪಿ950ರ ಬಾಯಿ ಸರಿಯಾಗಿ 67. ಹಾಕಿದ ಮೇಲೆ ಜೂಮ್ ಸ್ವಲ್ಪ ಎಳೆಯಬೇಕು, ಇಲ್ಲದಿದ್ದರೆ ಮೂಲೆ ಕಪ್ಪಾಗುತ್ತೆ. ಹುಳ ಲೆನ್ಸಿನಿಂದ ಒಂದು ಗೇಣಿಗಿಂತ ಕಮ್ಮಿ ದೂರದಲ್ಲಿ, ಹನ್ನೊಂದು ಹನ್ನೆರಡು ಸೆಂಟಿಮೀಟರಿನಲ್ಲಿ ಇದ್ದಾಗ ಮಾತ್ರ ಫೋಕಸ್. ಆಟೋ ಫೋಕಸ್ ಮರೆತುಬಿಡಿ. ಫೋಕಸನ್ನು ಒಂದು ಕಡೆ ನಿಲ್ಲಿಸಿ, ನೀವೇ ಹಿಂದೆ ಮುಂದೆ ಓಲಾಡಿ, ಚೂಪಾದ ಕ್ಷಣಕ್ಕೆ ಒತ್ತಿ. ದೂರದಿಂದ ನೋಡಿದವರು ಇವನಿಗೆ ದೇವರು ಬಂದಿದೆ ಅಂದುಕೊಳ್ಳುತ್ತಾರೆ.

ಬೆಳಕಿಗೆ ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಪ್ರಯೋಜನ ಇಲ್ಲ, ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತೆ. ಮೇಲೆ ಬೇರೆ ಫ್ಲ್ಯಾಶ್ ಕೂರಿಸೋಕೆ ಜಾಗ ಕೊಟ್ಟಿದ್ದಾರೆ. ನಾನು ಒಂದು ಹಳೇ ಫ್ಲ್ಯಾಶ್ ತಗೊಂಡು, ಮುಂದಕ್ಕೆ ರಟ್ಟು ಕಟ್ಟಿ, ಬೆಳಕು ಮೆತ್ತಗಾಗಲಿ ಅಂತ ಅಮ್ಮನ ಇಡ್ಲಿ ಬಟ್ಟೆ ಎರಡು ಮಡಿಕೆ ಹಾಕಿದೆ. ತುಂಬ ಚೆನ್ನಾಗಿ ಕೆಲಸ ಮಾಡಿತು. ಭಾನುವಾರ ಅಮ್ಮ ಇಡ್ಲಿ ಹಾಕೋಕೆ ಬಟ್ಟೆ ಹುಡುಕೋವರೆಗೂ.

ಆ ಇಡ್ಲಿ ಬಟ್ಟೆ ಬೆಳಕಿನಲ್ಲೇ ನನ್ನ ಈ ವರ್ಷದ ಒಳ್ಳೆ ಫೋಟೋ ಸಿಕ್ಕಿದ್ದು. ಕೆರೆ ಬೇಲಿಯ ಹೊಂಗೆ ಮರದಲ್ಲಿ ಕೆಂಜಿಗದ ಗೂಡು ಇತ್ತು, ಮಲೆನಾಡಿನವರು ಚಟ್ನಿ ಮಾಡುವ ಚಗಳಿ. ಎಲೆಗಳನ್ನು ಹತ್ತಾರು ಇರುವೆ ಸಾಲಾಗಿ ಕಚ್ಚಿ ಎಳೆದು ಹಿಡಿದಿದ್ದರೆ, ಇನ್ನು ಕೆಲವು ತಮ್ಮ ಮರಿಹುಳವನ್ನೇ ಬಾಯಲ್ಲಿ ಹಿಡಿದು ಅದರ ನೂಲಿನಿಂದ ಹೊಲಿಗೆ ಹಾಕುತ್ತಿದ್ದವು. ನಾನು ಕಡಿಸಿಕೊಂಡು ಕಡಿಸಿಕೊಂಡು ಐವತ್ತು ಫೋಟೋ ತೆಗೆದೆ. ಒಂದು ಇರುವೆ ಮಾತ್ರ ಸಾಲು ಬಿಟ್ಟು ಪಕ್ಕದ ಎಲೆ ಮೇಲೆ ಒಂದೇ ಓಡಾಡುತ್ತಿತ್ತು, ಚೆನ್ನಾಗಿ ಪೋಸ್ ಕೊಟ್ಟಿತು. ಅದನ್ನೇ ಐನ್ಯಾಚುರಲಿಸ್ಟಿನಲ್ಲಿ (ಜೀವಿಗಳ ಫೋಟೋ ಹಾಕಿ ಗುರುತಿಸೋ ವೆಬ್‌ಸೈಟು) ಕೆಂಜಿಗ ಅಂತ ಹಾಕಿದೆ. ರಾತ್ರಿ ಯಾರೋ ಬರೆದರು: ಕಾಲು ಎಣಿಸಿ. ದೊಡ್ಡದು ಮಾಡಿ ಎಣಿಸಿದೆ. ಎಂಟು! ಮುಂದಿನ ಎರಡು ಕಾಲನ್ನು ಮೀಸೆ ತರಹ ಮೇಲೆತ್ತಿ ಆಡಿಸುತ್ತಿದೆ, ಸೊಂಟ ಇರುವೆಯದ್ದೇ, ಬಣ್ಣ ಇರುವೆಯದ್ದೇ, ಆದರೆ ಮುಖದಲ್ಲಿ ಎರಡು ದೊಡ್ಡ ಗುಂಡು ಕಣ್ಣು ನನ್ನನ್ನೇ ನೋಡುತ್ತಿವೆ. ಇರುವೆ ವೇಷದ ಜಿಗಿಯುವ ಜೇಡ. ಬರಿಗಣ್ಣಿಗೆ ನಾನು ನಾಲ್ಕು ದಿನ ಅದರ ಪಕ್ಕದಲ್ಲೇ ನಿಂತಿದ್ದೆ, ಗೊತ್ತೇ ಆಗಿರಲಿಲ್ಲ. ಹುಳದ ಫೋಟೋದಲ್ಲಿ ಚಿಕ್ಕ ಸೆನ್ಸರಿಗೆ ಒಂದು ಲಾಭ ಇದೆ, ದೊಡ್ಡ ಕ್ಯಾಮೆರಾಕ್ಕಿಂತ ಸುಲಭವಾಗಿ ಮೈಯ ಜಾಸ್ತಿ ಭಾಗ ಫೋಕಸಿನಲ್ಲಿ ಉಳಿಯುತ್ತೆ. ಇಲ್ಲದಿದ್ದರೆ ಆ ಎಂಟನೇ ಕಾಲು ಮಸುಕಿನಲ್ಲಿ ಹೋಗಿಬಿಡುತ್ತಿತ್ತು.

ಚಿಟ್ಟೆ, ಹೆಲಿಕಾಪ್ಟರ್ ಹುಳಕ್ಕೆ ಈ ಗಾಜು ಬೇಡ. ಐದಾರು ಮೀಟರ್ ದೂರ ನಿಂತು ಪೂರ್ತಿ ಜೂಮ್ ಹಾಕಿ, ಅವಕ್ಕೆ ನೀವಿರೋದೇ ಗೊತ್ತಾಗಲ್ಲ. ಮಳೆ ಮುಗಿಯುತ್ತಾ ಬಂದಾಗ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ನಮ್ಮ ಬಡಾವಣೆಯ ಖಾಲಿ ಸೈಟುಗಳ ಮೇಲೆ ಹಳದಿ ಹೆಲಿಕಾಪ್ಟರ್ ಹುಳಗಳು ಗುಂಪು ಗುಂಪಾಗಿ ಹಾರುತ್ತವಲ್ಲ, ಮಾಲ್ಡೀವ್ಸ್ ಮೇಲೆ ಹಾದು ಆಫ್ರಿಕಾ ಕಡೆ ಹೋಗುವ ಜಾತಿ ಅದು. ಹಾರುವಾಗ ಹಿಡಿಯೋಕೆ ಹೋಗಿ ಒಂದು ವಾರ ಹಾಳು ಮಾಡಿಕೊಂಡೆ. ಸಂಜೆ ಆದರೆ ಅವೇ ಕಡ್ಡಿಗೆ ಜೋತುಬಿದ್ದು ನಿದ್ದೆಗೆ ಇಳಿಯುತ್ತವೆ, ಆಗ ಹೋಗಿ. ಅದೇ ಸೈಟುಗಳಲ್ಲಿ ಕಾಯಿ ಒಣಗಿ ಗಿಲಿಗಿಲಿ ಅನ್ನುವ ಗಿಡ ಇದ್ದರೆ ಅದರ ಸುತ್ತ ನೀಲಿ ಹುಲಿ ಚಿಟ್ಟೆಗಳು ಮುತ್ತಿರುತ್ತವೆ. ಸೈಟ್ ಮಾಲೀಕರು ಜೆಸಿಬಿ ತರಿಸೋ ಮುಂಚೆ ಹೋಗಬೇಕು ಅಷ್ಟೇ.

ಮನೆಯ ಕರಿಬೇವಿನ ಕುಂಡ ಕೂಡ ಮರೀಬೇಡಿ. ಎಲೆ ಮೇಲೆ ಹಕ್ಕಿ ಹಿಕ್ಕೆ ತರಹ ಏನಾದರೂ ಕಂಡರೆ ಒರೆಸಬೇಡಿ, ಅದು ಚಿಟ್ಟೆಯ ಮರಿಹುಳ. ಒಗ್ಗರಣೆಗೆ ಸೊಪ್ಪು ಅಂಗಡಿಯಿಂದ ತಂದು ಇದನ್ನು ಹದಿನೈದು ದಿನ ಫೋಟೋ ತೆಗೆದಿದ್ದೇನೆ.

ಒಂದು ತಮಾಷೆ. ಒಂದು ಪಕ್ಷಿಧಾಮದ ಟಿಕೆಟ್ ಕೌಂಟರಿನಲ್ಲಿ ಕ್ಯಾಮೆರಾಕ್ಕೆ ಲೆನ್ಸಿನ ಉದ್ದ ನೋಡಿ ದುಡ್ಡು. ಅಲ್ಲಿದ್ದವರು "ಎಷ್ಟು ಎಂಎಂ?" ಅಂದರು. ನಾನು ಸತ್ಯ ಹರಿಶ್ಚಂದ್ರನ ಹಾಗೆ "2000" ಅಂದೆ. ಅವರು ನನ್ನ ಮುಖ ನೋಡಿದರು, ಕ್ಯಾಮೆರಾ ನೋಡಿದರು, ಬೋರ್ಡ್ ನೋಡಿದರು. ಬೋರ್ಡಿನಲ್ಲಿ ಅಷ್ಟು ದೊಡ್ಡ ಸಂಖ್ಯೆಯೇ ಇರಲಿಲ್ಲ. ಕೊನೆಗೆ ಎಲ್ಲಕ್ಕಿಂತ ಜಾಸ್ತಿ ಇದ್ದ ರೇಟು ಹರಿದು ಕೊಟ್ಟರು. ನಮ್ಮ ಹಿಂದೆ ನಿಂತಿದ್ದವರ ಕೈಯಲ್ಲಿ ಫಿರಂಗಿಯಷ್ಟು ದೊಡ್ಡ ಲೆನ್ಸು, ಅವರದ್ದು 600, ನನಗಿಂತ ಕಮ್ಮಿ ಕೊಟ್ಟು ಒಳಗೆ ಹೋದರು.

ತಗೊಳ್ಳಬೇಕಾ ಅಂತ ಕೇಳಿದರೆ, ಮೈಸೂರು, ಮಂಡ್ಯ, ಬೆಂಗಳೂರು, ಬಯಲುಸೀಮೆ ಕಡೆಯವರು, ಬೆಳಗ್ಗೆ ನಡೆಯುವವರು, ರಿಟೈರ್ ಆದವರು ಧಾರಾಳವಾಗಿ ತಗೊಳ್ಳಿ. ಆಗುಂಬೆ ಕಡೆ ಜುಲೈನಲ್ಲಿ ದಟ್ಟ ಕಾಡಿನೊಳಗೆ ಹಕ್ಕಿ ತೆಗೆಯಬೇಕು ಅನ್ನುವವರಿಗೆ ಇದು ಬೇಡ, ಅಲ್ಲಿ ಬೆಳಕೇ ಇರಲ್ಲ. ಇದರ ಅಣ್ಣ ಪಿ1000 ಇನ್ನೂ ಉದ್ದ, 125 ಪಟ್ಟು, 3000 ಎಂಎಂ, ತೂಕ 1.4 ಕೆಜಿ. ಒಂದು ಸಲ ಸ್ನೇಹಿತರದ್ದು ಹಿಡಿದು ನೋಡಿದೆ. 2000ದಲ್ಲೇ ಬಿಸಿಲುಗುದುರೆ ಹಿಡಿದವನಿಗೆ 3000 ಯಾಕೆ ಅಂತ ವಾಪಸ್ ಕೊಟ್ಟೆ.

ತಗೊಂಡರೆ ಇನ್ನೊಂದು ಬ್ಯಾಟರಿ ಅದೇ ದಿನ ತಗೊಳ್ಳಿ. ಒಂದು ಬ್ಯಾಟರಿಗೆ ಕಂಪನಿ ಹೇಳೋದು 290 ಫೋಟೋ, ಗೀಜುಗದ ಮರದ ಕೆಳಗೆ ಅದು ಒಂದು ಗಂಟೆಯ ಮಾತು. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಫಂಗಸ್ ಹಿಡಿದರೆ ಲೆನ್ಸ್ ಬಿಚ್ಚೋಕಾಗದ ಕ್ಯಾಮೆರಾಕ್ಕೆ ರಿಪೇರಿ ಖರ್ಚು ಜೋರು. ಇಡ್ಲಿ ಬಟ್ಟೆ ಬೇಕಾದರೆ ದೇವರಾಜ ಮಾರ್ಕೆಟ್ ಹತ್ತಿರ ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ನಾನು ಈಗ ಎರಡು ಮೀಟರ್ ತಂದಿದ್ದೇನೆ, ಒಂದು ಅಮ್ಮನಿಗೆ.